ಮುನ್ನೂರ ಹನ್ನೊಂದು ಸಲ ‘ಅವನು’

ಪ್ರೀತಿಯ ಇಕ್ಕಳ ಅವರಿಗೆ,

ಈ ಒಂದು ಸಾಲು ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಅಣ್ಣ ಎಂದೋ ಅಕ್ಕ ಎಂದೋ ತಲೆಯಲ್ಲಿ ಒಂದು ಹಾಕದಿದ್ದರೆ ನಮ್ಮ ಕಾಗದಗಳಿಗೆ ಮುಂದಕ್ಕೆ ಕಾಲೇ ಬರುವುದಿಲ್ಲ. ‘ಮಾನ್ಯರೇ’ ಎಂದು ಬರೆದು ನೋಡಿದೆ, ಕಚೇರಿಯ ನೋಟಿಸಿನಂತೆ ಕಂಡಿತು. ಗೆಳೆಯ ಎನ್ನುವಂತಿಲ್ಲ, ಗೆಳತಿ ಎನ್ನುವಂತಿಲ್ಲ. ಕೊನೆಗೆ ‘ಅವರಿಗೆ’ ಎಂಬ ಮರ್ಯಾದೆಯ ಬಾಗಿಲಿನಿಂದಲೇ ಒಳಗೆ ಬಂದಿದ್ದೇನೆ. ಆ ಬಾಗಿಲು ಅಲ್ಲಿ ಮೊದಲಿನಿಂದಲೂ ತೆರೆದೇ ಇತ್ತು ಎನ್ನುವುದು ನನಗೆ ಈ ಎರಡು ತಿಂಗಳಲ್ಲಿ ತಿಳಿದ ಸಂಗತಿ.

ಇದನ್ನು ನಾವೆಲ್ಲ ಕಂಪ್ಯೂಟರಿನಲ್ಲಿ ಕೂಡಿ ಆಡುವ ಆಟದೊಳಗೆ ಸಿಗುವ ಖಾಲಿ ಪುಸ್ತಕಗಳಲ್ಲಿ ನಕಲು ಮಾಡಿ ನಮ್ಮ ಉಗ್ರಾಣದ ಮರದ ಪೆಟ್ಟಿಗೆಯಲ್ಲಿ ಇಡುತ್ತೇನೆ. ಒಂದು ಪುಸ್ತಕಕ್ಕೆ ಹದಿನಾಲ್ಕೇ ಪುಟ, ಪುಟಕ್ಕೆ ಹತ್ತೇ ಸಾಲು. ಎಷ್ಟು ಪುಸ್ತಕ ಬೇಕಾಗುತ್ತದೋ ನೋಡೋಣ, ಮೇಷ್ಟ್ರ ಕೆಲಸದವರಿಗೆ ಮಾತು ಮೊಟಕು ಮಾಡಲು ಬರುವುದಿಲ್ಲ. ನಿಮಗೊಬ್ಬರಿಗೇ ಕಳಿಸಿದ ಸಂದೇಶಗಳು ವಾರಕ್ಕೊಮ್ಮೆ ತಾವಾಗಿಯೇ ಅಳಿಸಿಹೋಗುತ್ತವೆ. ಬೇರೆ ವಿಳಾಸ ನನ್ನಲ್ಲಿಲ್ಲ. ಪೆಟ್ಟಿಗೆಗೆ ಬೀಗವಿಲ್ಲ, ತಂಡದ ಇಪ್ಪತ್ತಾರು ಜನರಲ್ಲಿ ಯಾರು ಬೇಕಾದರೂ ತೆಗೆದು ಓದಬಹುದು. ಓದಲಿ. ತಪ್ಪು ನಡೆದದ್ದು ಎಲ್ಲರ ಎದುರಿಗೆ, ಕ್ಷಮೆಯನ್ನು ಮಾತ್ರ ಕಿವಿಯಲ್ಲಿ ಪಿಸುಗುಟ್ಟಿ ಕೇಳಿದರೆ ಅದು ಅರ್ಧ ಕ್ಷಮೆ. ಓದಿದವರಿಗೆ ನಿಮ್ಮ ಬಗ್ಗೆ ಈಗ ಗೊತ್ತಿರುವುದಕ್ಕಿಂತ ಒಂದು ಎಳೆಯೂ ಹೆಚ್ಚಿಗೆ ತಿಳಿಯುವುದಿಲ್ಲ. ಕನ್ನಡದಲ್ಲಿ ‘ನೀವು’ ಎಂದು ಬರೆಯುವವರೆಗೆ ಆ ಭಯವಿಲ್ಲ. ‘ನೀವು ಬಂದಿರಿ, ನೀವು ಹೋದಿರಿ’ ಎನ್ನುವಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಬಂದವರು, ಹೋದವರು ಅಷ್ಟೇ.

ಹೊಸಬರು ಯಾರಾದರೂ ಪೆಟ್ಟಿಗೆ ತೆರೆದರೆ ಅವರಿಗೂ ತಲೆಬುಡ ತಿಳಿಯಲಿ ಎಂದು ನಿಮಗೆ ಗೊತ್ತಿರುವುದನ್ನೂ ಸ್ವಲ್ಪ ಹೇಳುತ್ತೇನೆ, ಸಹಿಸಿಕೊಳ್ಳಿ. ನೀವೆಲ್ಲ ‘ಟೀಚರ್’ ಎಂದು ಕರೆಯುವ ನಾನು ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳುತ್ತೇನೆ. ವಿಡಿಯೋ ಗೇಮುಗಳಲ್ಲಿ ಗಂಡು ಹೆಣ್ಣು ಎಂಬುದು ಹೇಗೆ ಕೆಲಸ ಮಾಡುತ್ತದೆ, ಯಾರು ಮುಂದಾಳಾಗುತ್ತಾರೆ, ಯಾರನ್ನು ಕೆಣಕುತ್ತಾರೆ, ಯಾರು ದನಿ ಅಡಗಿಸಿಕೊಂಡು ಆಡುತ್ತಾರೆ ಎನ್ನುವುದು ಹದಿನೆಂಟು ವರ್ಷಗಳಿಂದ ನನ್ನ ಅಧ್ಯಯನ. ನನ್ನ ಕೋಣೆ ಓಣಿಯಂಥ ಪಡಸಾಲೆಯ ಕೊನೆಯಲ್ಲಿ, ಜೆರಾಕ್ಸ್ ಯಂತ್ರದ ಪಕ್ಕದಲ್ಲಿದೆ. ಯಂತ್ರ ಕೆಟ್ಟರೆ ಎಲ್ಲರೂ ನನ್ನ ಬಾಗಿಲು ತಟ್ಟುತ್ತಾರೆ, ಕಂಪ್ಯೂಟರಿನಲ್ಲಿ ಆಡುವವಳಿಗೆ ಯಂತ್ರ ರಿಪೇರಿ ಬಂದೇ ಬರುತ್ತದೆ ಎಂಬ ನಂಬಿಕೆ. ನನಗೆ ಡಾಕ್ಟರೇಟ್ ಬಂದ ದಿನ ನನ್ನ ಸೋದರಮಾವ ಮನೆತುಂಬ ನೆಂಟರ ಎದುರು ಹೇಳಿದ್ದು: “ನಮ್ಮ ಕಾಲದಲ್ಲಿ ಆಟ ಆಡಿದ್ರೆ ಬೆನ್ನಿಗೆ ಬೀಳ್ತಿತ್ತು. ಇವಳಿಗೆ ಪದವಿ ಬಿತ್ತು ನೋಡಿ.” ನಾನೂ ನಕ್ಕೆ. ಒಳಗೊಳಗೆ ಮಾತ್ರ, ಈ ಕೆಲಸ ಆಟವಲ್ಲ ಎಂದು ಇವರಿಗೆಲ್ಲ ತೋರಿಸಬೇಕು ಎನ್ನುವ ಹಟ ಅಂದಿನಿಂದ ಕೂತುಬಿಟ್ಟಿತು. ಹಟದಿಂದ ಓದಿದವರು ಬೇಗ ತೀರ್ಮಾನಕ್ಕೆ ಬರುತ್ತಾರೆ ಎಂದು ಈಗ ಅನಿಸುತ್ತದೆ.

ನಿಮ್ಮ ತಂಡಕ್ಕೆ ಬಂದ ಮೊದಲ ಶನಿವಾರ ನೆನಪಿದೆಯೇ? ಮಧ್ಯಾಹ್ನ ಎರಡೂವರೆ ಗಂಟೆ. ಕೋಟೆಗೆ ಹೋಗುವ ಹಗ್ಗದ ಸೇತುವೆಯಿಂದ ನಾನು ಒಂಬತ್ತು ಸಲ ಕೆಳಗೆ ಬಿದ್ದೆ. ಈ ವಿಷಯದಲ್ಲಿ ಎರಡು ಪುಸ್ತಕ ಬರೆದವಳು, ಸೇತುವೆ ದಾಟಲು ಬರುವುದಿಲ್ಲ. ಎಲ್ಲರೂ ಆಚೆ ದಡದಲ್ಲಿ ಕಾಯುತ್ತಿದ್ದರು. ಗೊರಕೆ ಎಂದು ನೀವೆಲ್ಲ ಕರೆಯುವವನು “ಟೀಚರ್‌ಗೆ ಈಜು ಕಲಿಸೋದೇ ಸುಲಭ” ಎಂದು ಟೈಪ್ ಮಾಡಿದ. ಆಗ ನೀವು ಕುಲುಮೆಯ ಕೆಲಸ ಬಿಟ್ಟು ಇಳಿದು ಬಂದು ನನ್ನ ಪಕ್ಕ ನಿಂತಿರಿ. “ಕೆಳಗೆ ನೋಡಬೇಡಿ ಟೀಚರ್. ನೀವು ಬೀಳ್ತಿರೋದು ಸೇತುವೆಯಿಂದಲ್ಲ, ನೋಡೋದ್ರಿಂದ” ಎಂದಿರಿ. ಹತ್ತನೆಯ ಸಲ ದಾಟಿದೆ. ನೀವು ಭೇಷ್ ಎನ್ನಲಿಲ್ಲ. “ಸರಿ, ಮುಂದೆ” ಎಂದಿರಿ.

ಆವತ್ತೇ ನನ್ನ ಟಿಪ್ಪಣಿ ಪುಸ್ತಕದಲ್ಲಿ ನಿಮ್ಮ ಬಗ್ಗೆ ಮೊದಲ ಸಾಲು ಬರೆದೆ. ಇಂಗ್ಲಿಷಿನಲ್ಲಿ. ಆ ಸಾಲಿನ ಮೊದಲ ಪದವೇ ‘ಹೀ’.

ನಮ್ಮ ತಂಡದಲ್ಲಿ ಮೈಕ್ ಇಲ್ಲ. ಹಿಂದೊಮ್ಮೆ ಇತ್ತಂತೆ. ಕೋಟೆ ಮುತ್ತಿದ ಹೊತ್ತಿನಲ್ಲಿ ಒಬ್ಬ ಮೈಕ್ ಆರಿಸದೆ ನಿದ್ದೆ ಹೋಗಿ, ಯುದ್ಧವೆಲ್ಲ ಅವನ ಗೊರಕೆಯ ಹಿಮ್ಮೇಳದಲ್ಲೇ ನಡೆದು, ಸೋತು, ಅಂದಿನಿಂದ ಮಾತೆಲ್ಲ ಟೈಪ್ ಮಾಡಿಯೇ ಎಂದು ನಿಯಮವಾಯಿತು, ಅವನಿಗೆ ಹೆಸರೂ ಅದೇ ಆಯಿತು. ನೀವು ಬಂದದ್ದು ಅದಾದ ಮೇಲೆ, ಹಾಗಾಗಿ ನಿಮ್ಮ ದನಿಯನ್ನು ನಾವು ಯಾರೂ ಕೇಳಿಲ್ಲ. ಕೇಳಿದ್ದು ನಿಮ್ಮ ವಾಕ್ಯಗಳನ್ನು. ಅವು ಚಿಕ್ಕವು, ಬೆಚ್ಚಗಿನವು, ಬಡಿದು ನೇರ ಮಾಡಿದ ತಗಡಿನಂಥವು. ನೀವು ನಮ್ಮೆಲ್ಲರ ಕತ್ತಿ ಸಾಣೆ ಹಿಡಿಯುವವರು, ಯಾವ ಬಾಗಿಲಿಗೆ ಯಾರು ಎಂದು ಹಂಚುವವರು. ಇಕ್ಕಳ ಎಂಬ ಹೆಸರನ್ನು ನೋಡಿ ಕುಲುಮೆಯ ಇಕ್ಕಳ ಎಂದುಕೊಂಡೆ. ಅಡುಗೆಮನೆಯಲ್ಲೂ ಒಂದು ಇಕ್ಕಳ ಇರುತ್ತದೆ, ನಮ್ಮ ಮನೆಯದು ಒಲೆಯ ಪಕ್ಕದ ಮೊಳೆಯಲ್ಲೇ ತೂಗಾಡುತ್ತಿರುತ್ತದೆ, ದಿನಾ ಬೆಳಿಗ್ಗೆ ಅದರಲ್ಲೇ ಹಾಲಿನ ಪಾತ್ರೆ ಇಳಿಸುತ್ತೇನೆ. ಎರಡು ವರ್ಷದಲ್ಲಿ ಒಂದು ದಿನವೂ ಅದು ನನಗೆ ಹೊಳೆಯಲಿಲ್ಲ.

ನಿಮ್ಮ ಮೇಲೆ ನಾನು ಒಂದು ಇಡೀ ಅಧ್ಯಾಯ ಬರೆದೆ. ನನ್ನ ಮೂರನೆಯ ಪುಸ್ತಕದ ನಡುವಣ ಅಧ್ಯಾಯ ಅದು, ಉಳಿದವೆಲ್ಲ ಅದಕ್ಕೆ ಆತುಕೊಂಡಿದ್ದವು. ನನ್ನ ಬಡ್ತಿಯ ಕಡತವೂ ಆ ಪುಸ್ತಕಕ್ಕೇ ಕಾದಿತ್ತು. ಜಂಬ ಕೊಚ್ಚದ, ಹೊಸಬರನ್ನು ಹಂಗಿಸದ, ಕೈಹಿಡಿದು ಕಲಿಸುವ ಹೊಸ ಬಗೆಯ ಗಂಡಸುತನವೊಂದು ಈ ಆಟಗಳಲ್ಲಿ ಹುಟ್ಟುತ್ತಿದೆ ಎನ್ನುವುದು ನನ್ನ ವಾದ. ಅದಕ್ಕೆ ನೀವೇ ಸಾಕ್ಷಿ. ಬಹಳ ಚಂದದ ವಾದ. ಸಮ್ಮೇಳನವೊಂದರಲ್ಲಿ ಓದಿದಾಗ ಚಪ್ಪಾಳೆಯೂ ಬಿತ್ತು.

ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಯಾರ ಬಗ್ಗೆ ಬರೆದೆವೋ ಅವರಿಗೆ ತೋರಿಸಬೇಕು. ಅದು ನಮ್ಮ ಕೆಲಸದ ಪದ್ಧತಿ. ತೋರಿಸಿದೆ. ನೀವು ಮೂರು ವಾರ ತೆಗೆದುಕೊಂಡಿರಿ. ಆಮೇಲೆ ಒಂದು ಶನಿವಾರ ನನಗೊಬ್ಬಳಿಗೇ ಬರೆದಿರಿ: “ಓದಿದೆ ಟೀಚರ್. ಚೆನ್ನಾಗಿದೆ. ಆದ್ರೆ ಇದರಲ್ಲಿ ಬರೋ ‘ಹೀ’ ಯಾರು?”

ಇಕ್ಕಳ ಅವರೇ, ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೂ ಹೇಳಿಬಿಡುತ್ತೇನೆ. ನನಗೆ ಮೊದಲು ಬಂದದ್ದು ಮರುಕ. ಪಾಪ, ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲವೇನೋ ಎಂದುಕೊಂಡೆ. “ಹೀ ಅಂದ್ರೆ ಅವನು. ಇಲ್ಲಿ ಅದು ನಿಮ್ಮನ್ನೇ ಸೂಚಿಸುತ್ತೆ” ಎಂದು ಬಿಡಿಸಿ ಬರೆದೆ, ಒಂದನೆಯ ತರಗತಿಯ ಮಗುವಿಗೆ ಹೇಳುವ ಹಾಗೆ. ನೀವು ಬರೆದಿರಿ: “ಅಷ್ಟು ಗೊತ್ತು. ನಾನು ‘ಅವನು’ ಅಂತ ನಿಮಗೆ ಯಾರು ಹೇಳಿದ್ದು?”

ಏನೂ ಯೋಚಿಸದೆ ಬೆರಳು ಓಡಿಸಿದೆ: “ಹಾಗಾದ್ರೆ ನೀವು ಹೆಂಗಸಾ?”

ಆಟದಲ್ಲಿ ಒಬ್ಬರಿಗೇ ಹೇಳುವ ಮಾತಿಗೂ ತಂಡಕ್ಕೆಲ್ಲ ಹೇಳುವ ಮಾತಿಗೂ ಇರುವುದು ಒಂದೇ ಜಾಗ, ಅಕ್ಷರದ ಬಣ್ಣ ಮಾತ್ರ ಬೇರೆ. ಒಬ್ಬರಿಗಾದರೆ ನೀಲಿ, ಎಲ್ಲರಿಗಾದರೆ ಹಸಿರು. ನನ್ನ ಪ್ರಶ್ನೆ ಹಸಿರಿನಲ್ಲಿ ಹೋಯಿತು. ಒಮ್ಮೆ ಹೋದದ್ದನ್ನು ಅಳಿಸಲು ಬರುವುದಿಲ್ಲ, ಬಾಯಿಂದ ಬಿದ್ದ ಮಾತಿನ ಹಾಗೆಯೇ.

“ಯಾರು ಹೆಂಗಸು?” ಎಂದರು ಒಬ್ಬರು. “ಟೀಚರ್ ಯಾರನ್ನ ಕೇಳ್ತಿದ್ದಾರೆ?” ಎಂದರು ಇನ್ನೊಬ್ಬರು. ನಿಮ್ಮ ಹೆಸರು ಯಾರ ಬಾಯಿಂದ ಮೊದಲು ಬಂತೋ ತಿಳಿಯದು. ಗೊರಕೆಗೂ ಎಚ್ಚರವಾಯಿತು. “ಇಕ್ಕಳ ಹೆಣ್ಣಾದ್ರೆ ಸೌಟು ಗಂಡಾ?” ಎಂದ. ನಗುವ ಮುಖಗಳ ಸಾಲೇ ಹರಿಯಿತು. ಬಾಜಿ ಕಟ್ಟುವವರೂ ಹುಟ್ಟಿಕೊಂಡರು. ನೀವು ನೀಲಿಯಲ್ಲಿ ನನಗೊಂದು ಸಾಲು ಬರೆದಿರಿ: “ಅದನ್ನೂ ನಾನು ಹೇಳಿಲ್ಲ ಟೀಚರ್.” ಆಮೇಲೆ ಹಸಿರಿನಲ್ಲಿ ಎಲ್ಲರಿಗೂ: “ಕುಲುಮೆ ಆರ್ತಾ ಇದೆ. ಹೋಗ್ಬರ್ತೀನಿ.”

ಎಂಟು ಶನಿವಾರಗಳಾದವು. ನೀವು ಬಂದಿಲ್ಲ.

ಮೊದಲ ವಾರ ನಾನು ಮಾಡಿದ್ದು ನನ್ನ ಪರವಾಗಿ ಸಾಕ್ಷಿ ಹುಡುಕುವ ಕೆಲಸ. ಎರಡು ವರ್ಷದ ಮಾತುಕತೆಯೆಲ್ಲ ನನ್ನ ಬಳಿ ಇದೆ, ತಂಡದವರ ಒಪ್ಪಿಗೆ ಪಡೆದೇ ಇಟ್ಟುಕೊಂಡದ್ದು. ಎಲ್ಲೋ ಒಂದು ಕಡೆ ನೀವೇ ಹೇಳಿರುತ್ತೀರಿ, ಇಲ್ಲವೇ ಬೇರೆಯವರ ಬಾಯಲ್ಲಿ ಬಂದಿರುತ್ತದೆ, ನಾನು ಸುಮ್ಮಸುಮ್ಮನೆ ಬರೆದಿರಲಾರೆ ಎಂಬ ಧೈರ್ಯ. ಹುಡುಕಿದೆ. ನೀವು ಗೊರಕೆಗೆ “ಏಳೋ” ಎಂದಿರುವುದು ನಲವತ್ತು ಸಲ, ಆದ್ದರಿಂದ ಅವನು ಅವನೇ. ನಿಮಗೆ ಯಾರೂ “ಬಾರೋ” ಎಂದಿಲ್ಲ, “ಬಾರೇ” ಎಂದೂ ಇಲ್ಲ. ಎಲ್ಲರೂ “ಬನ್ರಿ”. “ಗುರು” ಎಂದವರು ಲೆಕ್ಕವಿಲ್ಲ, ಆದರೆ ಇಲ್ಲಿ ಎಲ್ಲರೂ ಎಲ್ಲರಿಗೂ ಗುರುವೇ, ನನಗೂ ಎಷ್ಟೋ ಸಲ ಅಂದಿದ್ದಾರೆ. ಹೊಸಬರೊಬ್ಬರು ಒಂದೇ ಒಂದು ಸಲ “ಅಣ್ಣಾ” ಎಂದಿದ್ದಾರೆ. ಅದಕ್ಕೆ ನೀವು “ಇಕ್ಕಳ ಅನ್ನಿ, ಸಾಕು” ಎಂದಿದ್ದೀರಿ. ಈ ಸಾಲು ನನ್ನ ಅಧ್ಯಾಯದಲ್ಲೂ ಇದೆ, ‘ಅಧಿಕಾರವನ್ನು ಮೆರೆಸದ ಗಂಡಸಿನ ವಿನಯ’ ಎಂಬ ವಿವರಣೆಯ ಜೊತೆಗೆ. ಓದಿ ನಾಚಿಕೆಯಿಂದ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಇನ್ನು ನಿಮ್ಮ ಬೆನ್ನ ಹಿಂದೆ ತಂಡ ಆಡಿದ ಮಾತು. ಅಲ್ಲಂತೂ ಇನ್ನೂ ಚೆಂದ. “ಇಕ್ಕಳ ಬಂತು.” “ಇಕ್ಕಳ ಎಲ್ಲಿ ಹೋಯ್ತು?” “ಇಕ್ಕಳ ಬೈಯುತ್ತೆ, ಬೇಗ ಬನ್ನಿ.” ಇಕ್ಕಳ ವಸ್ತುವಲ್ಲವೇ, ಹಾಗಾಗಿ ಕ್ರಿಯಾಪದವೂ ವಸ್ತುವಿನದೇ. ಸಲಿಗೆಯ ತಮಾಷೆಗೆಂದು ಶುರುವಾದದ್ದು ಇರಬೇಕು. ಆ ತಮಾಷೆಯ ಮರೆಯಲ್ಲಿ ನೀವು ಎರಡು ವರ್ಷಕ್ಕೂ ಹೆಚ್ಚು ಕಾಲ ಅವನೂ ಅಲ್ಲದೆ ಅವಳೂ ಅಲ್ಲದೆ ಆರಾಮವಾಗಿ ಕತ್ತಿ ಬಡಿಯುತ್ತ ಇದ್ದಿರಿ. ಇಷ್ಟು ಜನ ಇಷ್ಟು ದಿನ ಸಹಜವಾಗಿ ಕಾಪಾಡಿದ್ದನ್ನು ನಾನು ಒಂದು ಅನುವಾದದಲ್ಲಿ ಕೆಡವಿದೆ. ‘ಇಕ್ಕಳ ಬಂತು’ ಎಂಬುದನ್ನು ಇಂಗ್ಲಿಷಿಗೆ ತರುವಾಗ ‘ಇಟ್’ ಎಂದರೆ ಅವಮಾನ ಎನಿಸಿತು. ಕೈ ತಾನಾಗಿ ‘ಹೀ’ ಎಂದಿತು. ಅಧ್ಯಾಯದಲ್ಲಿ ಅದು ಎಷ್ಟು ಸಲ ಬಂದಿದೆ ಎಂದು ಎಣಿಸಿದೆ. ಮುನ್ನೂರ ಹನ್ನೊಂದು.

ಕೈ ತಾನಾಗಿ ಎಂದೆ, ಆದರೆ ಕೈಗೆ ಯಾರೋ ಕಲಿಸಿರಬೇಕಲ್ಲ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಒಂದನೆಯ ತರಗತಿಯಲ್ಲಿ ಟೀಚರು ಚಿತ್ರದ ಹಲಗೆಗಳನ್ನು ಒಂದೊಂದಾಗಿ ಎತ್ತಿ ಹಿಡಿಯುತ್ತಿದ್ದರು, ನಾವು ನಲವತ್ತು ಮಕ್ಕಳು ಒಂದೇ ರಾಗದಲ್ಲಿ ಹೀ, ಶೀ, ಇಟ್ ಎಂದು ಕೂಗಬೇಕು. ಮೀಸೆ ಬಂದರೆ ಹೀ. ಜಡೆ ಬಂದರೆ ಶೀ. ಬೆಕ್ಕು ಬಂದರೆ ಇಟ್. ಒಂದು ಹಲಗೆಯಲ್ಲಿ ಮಾತ್ರ ಕೊಡೆ ಹಿಡಿದು ನಮಗೆ ಬೆನ್ನು ತಿರುಗಿಸಿ ನಡೆದು ಹೋಗುತ್ತಿದ್ದ ಒಬ್ಬರ ಚಿತ್ರ ಇತ್ತು. ಉದ್ದನೆಯ ಕೋಟು, ತಲೆ ಕೊಡೆಯೊಳಗೆ. ತರಗತಿ ಸುಮ್ಮನಾಯಿತು. ಟೀಚರು ನನ್ನನ್ನೇ ಎಬ್ಬಿಸಿದರು. “ಗೊತ್ತಾಗ್ತಿಲ್ಲ ಮಿಸ್” ಎಂದೆ. “ಗೊತ್ತಾಗದಿದ್ದಾಗ ಹೀ” ಎಂದರು ಅವರು, ಹಲಗೆ ಕೆಳಗಿಟ್ಟರು, ಮುಂದಿನದಕ್ಕೆ ಹೋದರು. ಆಮೇಲೆ ದೊಡ್ಡ ದೊಡ್ಡ ಪುಸ್ತಕ ಓದಿ ಆ ಪಾಠ ತಪ್ಪೆಂದು ಕಲಿತೆ, ತಪ್ಪೆಂದು ಬೇರೆಯವರಿಗೆ ಕಲಿಸಿ ಸಂಬಳವನ್ನೂ ತೆಗೆದುಕೊಂಡೆ. ತಲೆ ಒಪ್ಪಿಕೊಂಡಿತು. ಬೆರಳುಗಳು ಮಾತ್ರ ಇನ್ನೂ ಅದೇ ಬೆಂಚಿನ ಮೇಲೆ ಕೂತಿದ್ದವು. ಆ ಕೊಡೆಯವರು ಯಾರು, ಎತ್ತ ಹೋಗುತ್ತಿದ್ದರು ಎಂದು ಆವತ್ತು ನನಗೆ ತುಂಬಾ ಕುತೂಹಲವಿತ್ತು. ‘ಹೀ’ ಎಂದ ಮೇಲೆ ಅದು ಆರಿಹೋಯಿತು ಎನ್ನುವುದೂ ಈಗ ನೆನಪಾಗುತ್ತಿದೆ.

ಎಲ್ಲಕ್ಕಿಂತ ಮಾನಗೇಡಿನದು ಒಪ್ಪಿಗೆ ಪತ್ರದ ಕತೆ. ಲಿಂಗ ಎಂಬ ಖಾನೆಗೆ ನಾನು ನಾಲ್ಕು ಆಯ್ಕೆ ಕೊಟ್ಟಿದ್ದೆ. ಹೆಣ್ಣು, ಗಂಡು, ಇತರೆ, ಹೇಳಲು ಇಷ್ಟವಿಲ್ಲ. ಉದಾರವಾಗಿ ಇಟ್ಟಿದ್ದೇನೆಂದು ಹೆಮ್ಮೆಯಿತ್ತು. ನೀವು ನಾಲ್ಕನ್ನೂ ಮುಟ್ಟದೆ ಬಿಟ್ಟಿದ್ದಿರಿ. ಮರೆತಿರಬೇಕು ಎಂದುಕೊಂಡು, ನನಗೆ ಹೇಗೂ ಗೊತ್ತಲ್ಲ ಎಂದು, ‘ಗಂಡು’ ಎನ್ನುವಲ್ಲಿ ನಾನೇ ಗುರುತು ಹಾಕಿದೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ನನ್ನ ಮೊದಲ ಪಾಠ ಏನು ಗೊತ್ತೇ? ‘ಖಾಲಿ ಬಿಟ್ಟ ಜಾಗವೂ ಒಂದು ಉತ್ತರವೇ, ಅದನ್ನು ತುಂಬಬೇಡಿ.’ ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಗಾದೆ ಮಾಡಿದವರು ನನ್ನನ್ನು ಎಲ್ಲೋ ನೋಡಿದ್ದರು.

ಎರಡನೆಯ ವಾರ ಇನ್ನೊಂದು ಹುಚ್ಚು ಹಿಡಿಯಿತು. ನೀವು ಬರುತ್ತಿದ್ದುದು ಸರಿಯಾಗಿ ಎರಡು ಹತ್ತಕ್ಕೆ, ಹೋಗುತ್ತಿದ್ದುದು ನಾಲ್ಕು ಐದಕ್ಕೆ. ಮೊದಲು ಅದನ್ನು ಕಾರ್ಖಾನೆಯ ಪಾಳಿ ಎಂದು ಬರೆದುಕೊಂಡಿದ್ದೆ. ಈಗ ಮಕ್ಕಳು ಮನೆಗೆ ಬರುವ ಹೊತ್ತು ಎಂದು ಓದತೊಡಗಿದೆ. ನಡುನಡುವೆ ನೀವು “ಕೈ ಒದ್ದೆ, ಎರಡು ನಿಮಿಷ” ಎನ್ನುತ್ತಿದ್ದಿರಿ. ಮೊದಲು ಅದು ಯಂತ್ರದ ಗ್ರೀಸು ತೊಳೆದ ಕೈ. ಈಗ ಪಾತ್ರೆ ತೊಳೆದ ಕೈ. ನಿಮ್ಮ ಚಿಕ್ಕ ವಾಕ್ಯಗಳು ಮೊದಲು ಗಂಡಸಿನ ಬಿಗಿ, ಈಗ ಕೆಲಸದ ನಡುವೆ ಬಿಡುವಿಲ್ಲದ ಹೆಂಗಸಿನ ಅವಸರ. ಮೂರು ದಿನ ಹೀಗೆ ಬರೆದ ಮೇಲೆ ನಿಲ್ಲಿಸಿ ನೋಡಿದೆ: ನಿಮ್ಮನ್ನು ಒಂದು ಡಬ್ಬಿಯಿಂದ ತೆಗೆದು ಇನ್ನೊಂದು ಡಬ್ಬಿಗೆ ತುಂಬುತ್ತಿದ್ದೆ. ಮುಚ್ಚಳ ಮಾತ್ರ ಅದೇ.

ನಿಮ್ಮ ಕೈ ಯಾಕೆ ಒದ್ದೆಯಾಗಿತ್ತು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಬಟ್ಟೆಗೆ ಬಣ್ಣ ಹಾಕುವವರೋ, ಆಸ್ಪತ್ರೆಯಲ್ಲಿ ಕೈತೊಳೆದು ತೊಳೆದು ಬೇಸತ್ತವರೋ, ಗಿಡಗಳಿಗೆ ನೀರು ಬಿಡುವವರೋ. ಕೈಯ ಬಗ್ಗೆ ಯೋಚಿಸುವುದು ಎಷ್ಟು ಸೊಗಸಾಗಿದೆ. ಗಂಡೋ ಹೆಣ್ಣೋ ಎಂದು ಯೋಚಿಸಿದ್ದಕ್ಕಿಂತ ಇದರಲ್ಲಿ ನೀವು ಹೆಚ್ಚು ಹತ್ತಿರ ಬರುತ್ತೀರಿ.

ಹೀಗೆ ಹುಡುಕುವಾಗಲೇ ಇನ್ನೊಂದು ಸಿಕ್ಕಿತು. ನಾನು ಹುಡುಕಿರದದ್ದು. ಹೋದ ವರ್ಷ ಅಮ್ಮ ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಐದು ವಾರ ನಾನು ಆಟಕ್ಕೆ ಬಂದಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ಆ ಐದು ವಾರ ಇಲ್ಲಿ ಏನು ಮಾತಾಯಿತು ಎಂದು ಓದಿಯೇ ಇರಲಿಲ್ಲ. ನಾನಿಲ್ಲದ ಕಡೆ ನನ್ನ ಸಂಶೋಧನೆ ಯಾಕೆ ಬೇಕು. ಈಗ ಓದಿದೆ. ಗೊರಕೆ ಕೇಳಿದ್ದಾನೆ: “ಟೀಚರ್‌ದು ಕೆಲಸ ಮುಗೀತೇನೋ, ನಮ್ಮನ್ನ ಬರ್ಕೊಂಡು ಹೊರಟುಹೋದ್ರು.” ನೀವು ಹೇಳಿದ್ದೀರಿ: “ಏನೋ ಇರುತ್ತೆ. ಬಂದಾಗ ಯಾರೂ ಏನೂ ಕೇಳಬೇಡಿ. ಹೇಳೋದಿದ್ರೆ ಅವರೇ ಹೇಳ್ತಾರೆ.”

ನಾನು ಬಂದೆ. ಯಾರೂ ಏನೂ ಕೇಳಲಿಲ್ಲ. ನನ್ನ ಕತ್ತಿ ಸಾಣೆ ಹಿಡಿದು ಇದೇ ಪೆಟ್ಟಿಗೆಯಲ್ಲಿ ಇಟ್ಟಿತ್ತು. ಇವರಿಗೆಲ್ಲ ನನ್ನ ಪರಿವೆಯೇ ಇಲ್ಲ ಎಂದು ಆವತ್ತು ಸ್ವಲ್ಪ ನೊಂದುಕೊಂಡಿದ್ದೆ ಕೂಡ.

ಆ ಸಾಲನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಈಗ ವಾಕರ್ ಹಿಡಿದು ಅಡುಗೆಮನೆಯಿಂದ ಬಾಲ್ಕನಿಯವರೆಗೆ ನಡೆಯುವುದೇ ಅವಳ ದಿನದ ಪ್ರವಾಸ. ಕತೆಯನ್ನೆಲ್ಲ ಕೇಳಿ ಅವಳು ನಗಲಿಲ್ಲ, ಬೈಯಲೂ ಇಲ್ಲ. “ಮೂವತ್ತು ವರ್ಷ ಮುಖ ನೋಡದೇ ಮಾತಾಡಿದೀನಿ ಕಣೆ. ಮೊದಮೊದಲು ದನಿ ಕೇಳಿ ಸಾರ್ ಅಂತಿದ್ದೆ. ಆ ಕಡೆಯಿಂದ ‘ಸಾರ್ ಅಲ್ಲ ಕಣಮ್ಮಾ’ ಅಂತ ಬೈಸ್ಕೊಂಡೆ. ಮೇಡಂ ಅಂದೆ, ಅದಕ್ಕೂ ಬೈಸ್ಕೊಂಡೆ. ಆಮೇಲೆ ಎರಡನ್ನೂ ಬಿಟ್ಟೆ. ಫೋನ್ ಎತ್ತಿದ್ರೆ ‘ಹೇಳಿ’ ಅನ್ನೋದು. ಅಷ್ಟೇ. ಯಾರು ಏನು ಎತ್ತ ಅನ್ನೋದು ನಮಗ್ಯಾಕೆ, ಅವರಿಗೆ ಬೇಕಾಗಿರೋದು ಲೈನು.”

“ಅವರು ಏನೂ ಹೇಳದಿದ್ರೆ?” ಎಂದೆ.

“ಕಾಯೋದು. ಲೈನಿನ ಪ್ಲಗ್ ಮಾತ್ರ ಕೀಳಬಾರದು.”

ಹದಿನೆಂಟು ವರ್ಷ ನಾನು ಊರೂರು ತಿರುಗಿ ಹುಡುಕಿದ ಸಿದ್ಧಾಂತ ನಮ್ಮ ಮನೆಯ ಬಾಲ್ಕನಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿತ್ತು.

ಅಧ್ಯಾಯದ ವಿಷಯವೂ ನಿಮಗೆ ತಿಳಿಯಬೇಕು. ಅದು ನಿಮ್ಮದೂ ಹೌದು. ನಮ್ಮ ವಿಭಾಗದ ಮುಖ್ಯಸ್ಥರ ಬಳಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಮುಖ್ಯಸ್ಥರು ಗಂಡೋ ಹೆಣ್ಣೋ ಹೇಳುವುದಿಲ್ಲ, ಪೆಟ್ಟಿಗೆ ತೆರೆದವರು ಈಗಾಗಲೇ ಒಂದು ಮುಖ ಕಲ್ಪಿಸಿಕೊಂಡಿದ್ದರೆ ಅದು ಅವರವರ ಶಾಲೆಯ ತಪ್ಪು. “ಒಂದು ಸರ್ವನಾಮಕ್ಕೋಸ್ಕರ ಒಂದು ಅಧ್ಯಾಯ ಕಳ್ಕೊಳ್ತೀರಾ? ಎಲ್ಲಾ ಕಡೆ ‘ಹೀ’ ತೆಗೆದು ‘ದೇ’ ಅಂತ ಮಾಡಿ. ಕಂಪ್ಯೂಟರ್‌ಗೆ ಹೇಳಿದ್ರೆ ಒಂದು ನಿಮಿಷದ ಕೆಲಸ” ಎಂದರು. ಮಾಡಿ ನೋಡಿದೆ. ನಿಜಕ್ಕೂ ಒಂದೇ ನಿಮಿಷ. ಮುನ್ನೂರ ಹನ್ನೊಂದು ಪದ ಬದಲಾದವು. ಆಮೇಲೆ ಓದಿದರೆ ಅಧ್ಯಾಯದಲ್ಲಿ ಏನೂ ಉಳಿದಿರಲಿಲ್ಲ. ‘ಹೊಸ ಗಂಡಸುತನ’ ಎಂದು ನಾನು ಕರೆದದ್ದು ಒಬ್ಬರ ಒಳ್ಳೆಯತನವಾಗಿತ್ತು, ಅಷ್ಟೇ. ತೋರಿದ್ದು ಗಂಡಸು ಎಂದುಕೊಂಡಿದ್ದರಿಂದ ಅದು ಸುದ್ದಿಯಾಗಿತ್ತು. ಹೆಂಗಸು ಎಂದು ಮೊದಲೇ ಅಂದುಕೊಂಡಿದ್ದರೆ ನಾನು ಒಂದು ಸಾಲನ್ನೂ ಬರೆಯುತ್ತಿರಲಿಲ್ಲ, ಅದು ಅವರ ಸ್ವಭಾವವೇ ಎಂದು ಪುಟ ತಿರುಗಿಸುತ್ತಿದ್ದೆ.

ಅಧ್ಯಾಯವನ್ನು ಹಿಂದಕ್ಕೆ ತೆಗೆದುಕೊಂಡೆ. ಪುಸ್ತಕ ಹೊರಬರುವುದು ಮುಂದಕ್ಕೆ ಬಿತ್ತು, ಅದರ ಜೊತೆ ನನ್ನ ಬಡ್ತಿಯೂ. ಇದನ್ನು ತ್ಯಾಗ ಎಂದು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಬೇರೆಯವರ ಅಂಗಿ ತಪ್ಪಿ ಹಾಕಿಕೊಂಡವರು ಗೊತ್ತಾದ ಮೇಲೆ ಬಿಚ್ಚಿ ಕೊಡುವುದಕ್ಕೆ ಯಾರೂ ಹಾರ ಹಾಕುವುದಿಲ್ಲ. ಅದರ ಜಾಗದಲ್ಲಿ ಇನ್ನೊಂದು ಬರೆಯುತ್ತಿದ್ದೇನೆ. ಅದು ನನ್ನ ಬಗ್ಗೆ: ಖಾಲಿ ಖಾನೆ ಕಂಡರೆ ಕೈ ತುರಿಸುವ ಒಬ್ಬ ಸಂಶೋಧಕಿಯ ಬಗ್ಗೆ. ಅದರಲ್ಲಿ ನೀವಿಲ್ಲ, ಕುಲುಮೆಯೂ ಇಲ್ಲ, ತಂಡದ ಗುರುತೂ ಇಲ್ಲ. ಕೊಡೆ ಹಿಡಿದು ಬೆನ್ನು ತಿರುಗಿಸಿದ ಚಿತ್ರ ಮಾತ್ರ ಇದೆ.

ನನಗೆ ಇನ್ನೂ ತಿಳಿಯುವ ಆಸೆಯಿಲ್ಲವೇ? ಇದೆ. ಸುಳ್ಳು ಹೇಳಲಾರೆ. ಕುತೂಹಲ ನನ್ನ ಕಸುಬು, ಅದನ್ನು ಬಿಟ್ಟರೆ ನನ್ನಲ್ಲಿ ಹೆಚ್ಚೇನೂ ಇಲ್ಲ. ಈ ಎಂಟು ವಾರದಲ್ಲಿ ಅದನ್ನು ಕೊಲ್ಲಲು ನೋಡಿದೆ, ಆಗಲಿಲ್ಲ. ಆಮೇಲೆ ಅದಕ್ಕೆ ಬೇರೆ ಮೇವು ಹಾಕಿದೆ. ಕಬ್ಬಿಣ ಕೆಂಪಿನಿಂದ ಕಿತ್ತಳೆಗೆ ತಿರುಗುವ ಕ್ಷಣ ನಿಮಗೆ ಹೇಗೆ ತಪ್ಪದೆ ತಿಳಿಯುತ್ತಿತ್ತು? ಒಂಬತ್ತು ಸಲ ಬಿದ್ದವರ ಪಕ್ಕ ನಿಂತಾಗ ಬೇಸರ ಬರುವುದಿಲ್ಲವೇ? ಯಾರಿಂದ ಕಲಿತಿರಿ ಹಾಗೆ ನಿಲ್ಲುವುದನ್ನು? ಇವಕ್ಕೂ ಉತ್ತರ ಕೊಡಬೇಕೆಂದಿಲ್ಲ. ಪ್ರಶ್ನೆಗಳು ನನ್ನ ಬಳಿ ಇರಲಿ, ಬೆಚ್ಚಗಿರುತ್ತವೆ.

ತಂಡದ ಸಮಾಚಾರ. ಆದ ತಪ್ಪು ನನ್ನದೆಂದು ಮರುವಾರವೇ ಹಸಿರು ಅಕ್ಷರದಲ್ಲಿ ಬರೆದೆ. ಆಮೇಲೆ ಗೊರಕೆ ಬರೆದ: “ಸೌಟು ಅಂದಿದ್ದು ನಾನು, ಬುದ್ಧಿ ಇರ್ಲಿಲ್ಲ. ಇಕ್ಕಳ ಅಂದ್ರೆ ಇಕ್ಕಳ. ಅದಕ್ಕೆ ಬರೋಕೆ ಹೇಳಿ ಟೀಚರ್, ಎಲ್ಲರ ಕತ್ತಿನೂ ಮೊಂಡಾಗಿದೆ.” ಬಾಜಿ ಕಟ್ಟಿದವರು ಬಾಜಿ ಬಿಟ್ಟರು. ಮೊನ್ನೆ ಹೊಸಬರೊಬ್ಬರು ಬಂದು ಕುಲುಮೆ ಯಾರದು ಎಂದು ಕೇಳಿದರು. “ಇಕ್ಕಳದ್ದು. ಹೊರಗೆ ಹೋಗಿದೆ, ಬರುತ್ತೆ” ಎಂದ ಗೊರಕೆ. ಅವನು ಎಷ್ಟು ಸರಾಗವಾಗಿ ಹೇಳಿದನೆಂದರೆ ಆ ಸಾಲನ್ನು ನಾನು ಎರಡೆರಡು ಸಲ ಓದಿದೆ.

ಕುಲುಮೆಗೆ ವಾರಕ್ಕೊಮ್ಮೆ ಇದ್ದಿಲು ಹಾಕದಿದ್ದರೆ ಅದು ಆರಿ, ಇಷ್ಟು ವರ್ಷ ಹದ ಮಾಡಿದ್ದೆಲ್ಲ ಮೊದಲಿಗೆ ಬರುತ್ತದಂತೆ. ಇದ್ದಿಲು ಸಿಗುವುದು ಸೇತುವೆಯ ಆಚೆ. ಪ್ರತಿ ಶನಿವಾರ ಎರಡು ಹತ್ತಕ್ಕೆ ನಾನು ಹೊತ್ತು ತರುತ್ತಿದ್ದೇನೆ. ಮೊದಲ ವಾರ ನಾಲ್ಕು ಸಲ ಬಿದ್ದೆ, ಬುಟ್ಟಿ ಸಮೇತ. ಹೋದ ವಾರ ಒಂದು ಸಲವೂ ಬೀಳಲಿಲ್ಲ. ಕೆಳಗೆ ನೋಡಲಿಲ್ಲ. ನಾಲ್ಕು ಐದರವರೆಗೆ ಕುಲುಮೆಯ ಪಕ್ಕದ ಕಲ್ಲಿನ ಮೇಲೆ ಕೂತಿರುತ್ತೇನೆ. ಟಿಪ್ಪಣಿ ಪುಸ್ತಕವನ್ನು ತರುವುದಿಲ್ಲ.

ನೀವು ಆವತ್ತು ‘ಹೋಗ್ತೀನಿ’ ಎನ್ನಲಿಲ್ಲ, ‘ಹೋಗ್ಬರ್ತೀನಿ’ ಎಂದಿರಿ. ಅದು ಬಾಯಿಯ ರೂಢಿ ಇರಬಹುದು, ನಮ್ಮಲ್ಲಿ ಹೊರಡುವವರೆಲ್ಲ ಹಾಗೆಯೇ ಅನ್ನುತ್ತಾರೆ. ಆದರೂ ಇಷ್ಟೆಲ್ಲ ಪದಗಳನ್ನು ತಪ್ಪಾಗಿ ಓದಿದವಳಿಗೆ ಈ ಒಂದು ಪದವನ್ನು ಇದ್ದ ಹಾಗೆಯೇ ಓದುವ ಅವಕಾಶ ಕೊಡಿ.

ಬರದಿದ್ದರೂ ಸರಿ. ಬೇರೆ ಯಾವುದೋ ಆಟದಲ್ಲಿ, ಬೇರೆ ಹೆಸರಿನಲ್ಲಿ, ಯಾರೂ ಏನೂ ಕೇಳದ ಕಡೆ ನಿಮ್ಮ ಬೆಂಕಿ ಚೆನ್ನಾಗಿ ಉರಿಯುತ್ತಿರಲಿ. ಕಾಗದದ ಕೊನೆಗೆ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ ಎಂದು ಬರೆಯುವುದು ವಾಡಿಕೆ. ನಿಮ್ಮ ವಯಸ್ಸೂ ನನಗೆ ತಿಳಿಯದು. ಎರಡನ್ನೂ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನಿಮ್ಮದು ಯಾವುದೋ ಅದನ್ನು ತೆಗೆದುಕೊಳ್ಳಿ, ಇನ್ನೊಂದು ಅಲ್ಲೇ ಇರಲಿ.

ಕುಲುಮೆ ಆರಿಲ್ಲ.

ಹೇಳಿ.

ಕಲ್ಲಿನ ಮೇಲೆ ಕೂತಿರುವ,
ಟೀಚರ್